ಕಾಗದವಿಲ್ಲದ ಜಿಯೊಕ್ಯಾಶಿಂಗ್: ಅಂಗೈ ಸಾಧನದೊಳಗೆ ಏನಿರಬೇಕು

(ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗ ಚಾರಣಾಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದು, ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಸಭಿಕರಿಗೆಲ್ಲ ನಮಸ್ಕಾರ. ಇಲ್ಲಿರುವವರಲ್ಲಿ ಹೆಚ್ಚಿನವರು ವಾರಾಂತ್ಯದಲ್ಲಿ ಕ್ಯಾಸ್ಕೇಡ್ ಬೆಟ್ಟಗಳ ತಪ್ಪಲಲ್ಲಿ ನಡೆಯುವವರು. ಅವರಲ್ಲಿ ಕೆಲವರಾದರೂ ನಡೆಯುವ ದಾರಿಯಲ್ಲಿ ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಉಪಗ್ರಹಗಳ ನೆರವಿನಿಂದ ಹುಡುಕುವ ಜಿಯೊಕ್ಯಾಶಿಂಗ್ ಎಂಬ ಹವ್ಯಾಸ ಹಚ್ಚಿಕೊಂಡವರು. ಆ ಹವ್ಯಾಸದಲ್ಲಿ ಡಬ್ಬಿಗಳ ವಿವರ ಇರುವ ಮುದ್ರಿತ ಹಾಳೆಗಳನ್ನು ಪೂರ್ತಿಯಾಗಿ ಬಿಟ್ಟು, ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನ ಒಂದರಿಂದಲೇ ಕೆಲಸ ಸಾಗಿಸುವುದು ಹೇಗೆ ಎಂಬುದು ಇಂದಿನ ವಿಷಯ. ಈ ವಿಷಯ ಬಂದಾಗಲೆಲ್ಲ ಮಾತು ಯಾವ ಕಂಪನಿಯ ಯಾವ ಮಾದರಿ ಒಳ್ಳೆಯದು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಸಾಧನ ಕೊಳ್ಳುವುದು ಇದರಲ್ಲಿ ತೀರ ಸುಲಭದ ಭಾಗ. ಅದರೊಳಗೆ ತುಂಬುವ ಫೈಲಿನಲ್ಲಿ ಏನಿದೆ, ಅದು ಎಷ್ಟು ಹಳೆಯದು ಎಂಬುದರ ಮೇಲೆ ಕಾಗದದ ಹಂಗು ಹರಿಯುತ್ತದೆಯೋ ಇಲ್ಲವೋ ನಿರ್ಧಾರವಾಗುತ್ತದೆ ಎಂಬುದು ನನ್ನ ವಾದ.

ಮೊದಲು ಕಾಗದದ ಕಾಲವನ್ನು ಸ್ವಲ್ಪ ನೋಡೋಣ. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರವು ನಾಗರಿಕರ ಬಳಕೆಯ ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯ ತನಕ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿದ್ದ ಸಾಧನಗಳು ಒಂದೇ ರಾತ್ರಿಯಲ್ಲಿ ಸುಮಾರು ಇಪ್ಪತ್ತು ಮೀಟರಿನ ಒಳಗೆ ನಿಖರವಾದವು. ಅದರ ಮರುದಿನ, ಅಂದರೆ ಮೇ 3ರಂದು, ನಮ್ಮ ನೆರೆಯ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದಿಷ್ಟು ಸಾಮಾನುಗಳನ್ನೂ ಹೆಸರು ಬರೆಯಲು ಒಂದು ಪುಸ್ತಕವನ್ನೂ ಇಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದ ಚರ್ಚಾ ಗುಂಪೊಂದರಲ್ಲಿ ಪ್ರಕಟಿಸಿದರು. ಮೂರು ದಿನಗಳೊಳಗೆ ಇಬ್ಬರು ಅದನ್ನು ಕಂಡುಹಿಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಅವರು ಜಿಯೊಕ್ಯಾಶಿಂಗ್ ಡಾಟ್ ಕಾಮ್ ತಾಣವನ್ನು ಆರಂಭಿಸಿದಾಗ ಅದರಲ್ಲಿ ದಾಖಲಾಗಿದ್ದ ಡಬ್ಬಿಗಳು 75. ಆ ತಾಣದ ಸಂಸ್ಥೆ ಇಂದಿಗೂ ಸಿಯಾಟಲ್ ನಗರದಲ್ಲೇ ಇದೆ. ಹಾಗಾಗಿ ಈ ಹವ್ಯಾಸ ಹುಟ್ಟಿದ್ದೂ ಬೆಳೆದದ್ದೂ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಜಿಟಿಜಿಟಿ ಮಳೆ ಹಿಡಿದಿರುವ ಈ ಸೀಮೆಯಲ್ಲಿ ಎನ್ನಬಹುದು. ಇಲ್ಲಿ ಮುದ್ರಿತ ಹಾಳೆ ಕಾಡಿಗೆ ಹೋದರೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಹಾಳೆಯಲ್ಲಿ ಏನಿರುತ್ತಿತ್ತು ಎಂಬುದನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಸಾಧನದೊಳಗೆ ಹೋಗಬೇಕಾದದ್ದು ಅದೇ ಸರಕು. ತಲೆಯಲ್ಲಿ ಡಬ್ಬಿಯ ಹೆಸರು ಮತ್ತು ಜಿಸಿ ಎಂದು ಶುರುವಾಗುವ ಅದರ ಸಂಕೇತ. ಅದರ ಕೆಳಗೆ ಅಕ್ಷಾಂಶ ರೇಖಾಂಶ, ಹುಡುಕಾಟ ಎಷ್ಟು ಕಷ್ಟ ಮತ್ತು ದಾರಿ ಎಷ್ಟು ದುರ್ಗಮ ಎಂದು ಒಂದರಿಂದ ಐದರವರೆಗೆ ಅರ್ಧರ್ಧ ಅಂಕಗಳ ಅಂತರದಲ್ಲಿ ಕೊಟ್ಟ ಎರಡು ಮಾಪನಗಳು, ಡಬ್ಬಿಯ ಗಾತ್ರ. ಆಮೇಲೆ ಡಬ್ಬಿ ಇಟ್ಟವರು ಬರೆದ ವಿವರಣೆ, ಗುಪ್ತಲಿಪಿಯಲ್ಲಿ ಒಂದು ಸುಳಿವು, ಕಟ್ಟಕಡೆಗೆ ಇತ್ತೀಚೆಗೆ ಹುಡುಕಲು ಹೋದವರ ಟಿಪ್ಪಣಿಗಳು. ಸುಳಿವಿನ ಗುಪ್ತಲಿಪಿ ಬಹಳ ಸರಳ: ಇಂಗ್ಲಿಷ್ ವರ್ಣಮಾಲೆಯ ಪ್ರತಿ ಅಕ್ಷರದ ಬದಲಿಗೆ ಹದಿಮೂರು ಸ್ಥಾನ ಮುಂದಿನ ಅಕ್ಷರ. ‘ಕೆಳಗೆ’ ಎನ್ನಲು ಬಳಸುವ ‘ಅಂಡರ್’ ಪದದ ಯು, ಎನ್, ಡಿ, ಇ, ಆರ್ ಅಕ್ಷರಗಳು ಹಾಳೆಯಲ್ಲಿ ಎಚ್, ಎ, ಕ್ಯೂ, ಆರ್, ಇ ಆಗಿ ಕಾಣುತ್ತಿದ್ದವು. ಅದನ್ನು ಬಿಡಿಸುವ ಕೀಲಿಯೂ ಹಾಳೆಯಲ್ಲೇ ಇರುತ್ತಿತ್ತು. ಸುಳಿವನ್ನು ಓದಬೇಕೋ ಬೇಡವೋ ಎಂದು ಯೋಚಿಸಲು ಬೇಕಾಗುವಷ್ಟು ಹೊತ್ತು ಅದನ್ನು ಬಿಡಿಸಲು ಹಿಡಿಯುತ್ತಿದ್ದುದರಿಂದ, ಆಟದ ಸೊಗಸು ಉಳಿಯುತ್ತಿತ್ತು. ಇಂದಿನ ಸಾಧನ ಒಂದು ಗುಂಡಿ ಒತ್ತಿದರೆ ಸುಳಿವನ್ನು ಬಿಡಿಸಿಯೇ ತೋರಿಸುತ್ತದೆ; ಇದು ಲಾಭ ಎಂದು ಒಪ್ಪಲು ನನಗಿನ್ನೂ ಮನಸ್ಸಿಲ್ಲ.

ಹಾಳೆ ಒದ್ದೆಯಾಗುವುದಕ್ಕಿಂತ ದೊಡ್ಡ ತೊಂದರೆ ಬೇರೊಂದಿತ್ತು. ಹಾಳೆಯಲ್ಲಿದ್ದ ಅಂಕಿಗಳನ್ನು ಸಾಧನಕ್ಕೆ ಕೈಯಿಂದಲೇ ಒಂದೊಂದಾಗಿ ಒತ್ತಿ ತುಂಬಬೇಕಿತ್ತು. ಈ ಹವ್ಯಾಸದಲ್ಲಿ ಸ್ಥಳವನ್ನು ಡಿಗ್ರಿ, ನಿಮಿಷ ಮತ್ತು ನಿಮಿಷದ ಮೂರು ದಶಮಾಂಶ ಸ್ಥಾನಗಳಲ್ಲಿ ಬರೆಯುವುದು ರೂಢಿ. ಅಕ್ಷಾಂಶದಲ್ಲಿ ನಿಮಿಷದ ಸಾವಿರದ ಒಂದು ಭಾಗವೆಂದರೆ ನೆಲದ ಮೇಲೆ ಸುಮಾರು 1.85 ಮೀಟರ್. ಕೊನೆಯ ಅಂಕಿ ಒಂದು ಹೆಚ್ಚುಕಡಿಮೆಯಾದರೆ ಎರಡು ಹೆಜ್ಜೆ ಆಚೆ ಹುಡುಕುತ್ತೀರಿ, ಅದು ಗೊತ್ತೂ ಆಗುವುದಿಲ್ಲ. ದಶಮಾಂಶದ ಮೊದಲನೆಯ ಅಂಕಿ ಒಂದು ತಪ್ಪಿದರೆ ಮಾತ್ರ 185 ಮೀಟರ್ ಆಚೆ, ಕೆಲವೊಮ್ಮೆ ಹೊಳೆಯ ಇನ್ನೊಂದು ದಡದಲ್ಲಿ ಇರುತ್ತೀರಿ. ಸಾಧನಕ್ಕೆ ಕಂಪ್ಯೂಟರಿನಿಂದ ನೇರವಾಗಿ ಫೈಲ್ ಕಳಿಸಿದಾಗ ಈ ಬಗೆಯ ತಪ್ಪು ಬೇರುಸಹಿತ ಹೋಗುತ್ತದೆ. ಕಾಗದ ಬಿಡುವುದರಿಂದ ಆಗುವ ಲಾಭಗಳಲ್ಲಿ ಮರ ಉಳಿಯಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಹೇಳುವವರು ಕಡಿಮೆ.

ಆದರೆ ಮೊದಲ ತಲೆಮಾರಿನ ಸಾಧನಗಳಿಗೆ ಹಾಳೆಯಲ್ಲಿದ್ದ ಉಳಿದ ಸರಕನ್ನು ಹೊರುವ ಶಕ್ತಿ ಇರಲಿಲ್ಲ. 2000ದಲ್ಲಿ ಮಾರುಕಟ್ಟೆಗೆ ಬಂದ ಗಾರ್ಮಿನ್ ಕಂಪನಿಯ ಹಳದಿ ಬಣ್ಣದ ಇಟ್ರೆಕ್ಸ್ ಬಹುಕಾಲ ಈ ಹವ್ಯಾಸಿಗಳ ಅಚ್ಚುಮೆಚ್ಚಿನ ಸಾಧನವಾಗಿತ್ತು. ಅದರಲ್ಲಿ 500 ಸ್ಥಳಗಳನ್ನು ಇಟ್ಟುಕೊಳ್ಳಬಹುದಿತ್ತು, ನಿಜ. ಆದರೆ ಪ್ರತಿ ಸ್ಥಳದ ಹೆಸರಿಗೆ ಆರೇ ಅಕ್ಷರಗಳ ಜಾಗ. ಡಬ್ಬಿಗಳ ಸಂಕೇತ ಆರು ಅಕ್ಷರಗಳಲ್ಲಿ ಮುಗಿಯುತ್ತಿದ್ದಷ್ಟು ದಿನ ಇದು ನಡೆಯಿತು. ಡಬ್ಬಿಗಳು ಹೆಚ್ಚಿ ಸಂಕೇತ ಏಳು ಅಕ್ಷರಗಳಿಗೆ ಬೆಳೆದಾಗ ಬಾಲ ಕತ್ತರಿಸಿಹೋಗತೊಡಗಿತು. ಅನುಭವಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು: ಎಲ್ಲ ಸಂಕೇತಗಳ ಮೊದಲಲ್ಲೂ ಜಿಸಿ ಎಂಬ ಎರಡಕ್ಷರ ಇದ್ದೇ ಇರುವುದರಿಂದ, ಸಾಧನಕ್ಕೆ ಕಳಿಸುವಾಗ ಅವೆರಡನ್ನೂ ಬಿಟ್ಟು ಉಳಿದ ಐದನ್ನು ಮಾತ್ರ ಕಳಿಸುವುದು. ಮಿಕ್ಕ ಒಂದು ಜಾಗದಲ್ಲಿ ಡಬ್ಬಿಯ ಗಾತ್ರ ಸೂಚಿಸುವ ಅಕ್ಷರವನ್ನು ಕೂರಿಸಬಹುದಿತ್ತು. 2006ರ ಹೊತ್ತಿಗೆ ಬಂದ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಮಾದರಿ ದಟ್ಟ ಮರಗಳ ಕೆಳಗೂ ಉಪಗ್ರಹ ಹಿಡಿಯುವ ಸೂಕ್ಷ್ಮ ಚಿಪ್ಪಿನಿಂದಾಗಿ ಹೆಸರು ಮಾಡಿತು. ಅದರಲ್ಲಿ ಸ್ಥಳದ ಜೊತೆಗೆ ಟಿಪ್ಪಣಿ ಎಂದು 30 ಅಕ್ಷರಗಳ ಜಾಗ ಇತ್ತು. ಆ ಮೂವತ್ತರೊಳಗೆ ಕಷ್ಟದ ಅಂಕ, ದಾರಿಯ ಅಂಕ, ಗಾತ್ರ, ಸುಳಿವಿನ ಮೊದಲ ಮೂರ್ನಾಲ್ಕು ಪದಗಳನ್ನು ತುರುಕಿದವರ ಕೈಚಳಕ ಮೆಚ್ಚುವಂಥದ್ದೇ. ಆದರೆ ಅವರ ಚೀಲದಲ್ಲಿ ಹಾಳೆಗಳ ಕಟ್ಟು ಮಾತ್ರ ಹಾಗೇ ಇರುತ್ತಿತ್ತು.

ಈ ಇಕ್ಕಟ್ಟು ಬಿಟ್ಟದ್ದು ಸಾಧನಗಳು ಬದಲಾದ್ದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಫೈಲಿನ ರೂಪ ಅದಕ್ಕೂ ಮೊದಲೇ ಬದಲಾಗಿತ್ತು. ತಾಣದಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದ್ದ ಫೈಲ್ ಎಲ್‌ಒಸಿ ಎಂಬ ಬಗೆಯದು. ಅದರಲ್ಲಿ ಡಬ್ಬಿಯ ಹೆಸರು, ಸಂಕೇತ, ಸ್ಥಳ ಇಷ್ಟು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇನ್ನೊಂದು, 2002ರಲ್ಲಿ ರೂಪುಗೊಂಡು 2004ರಲ್ಲಿ ಪರಿಷ್ಕಾರಗೊಂಡ ಜಿಪಿಎಕ್ಸ್. ಇದು ಟೋಪೋಗ್ರಾಫಿಕ್ಸ್ ಎಂಬ ಸಣ್ಣ ಕಂಪನಿಯ ಮುಂದಾಳುತನದಲ್ಲಿ ಬೆಳೆದ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ರೂಪ. ಸ್ಥಳದ ಮಾಹಿತಿಯ ಜೊತೆಗೆ ಯಾರಾದರೂ ತಮಗೆ ಬೇಕಾದ ಹೆಚ್ಚಿನ ವಿಭಾಗಗಳನ್ನು ಸೇರಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಸಿಯಾಟಲ್ಲಿನ ಸಂಸ್ಥೆ ಆ ಅವಕಾಶ ಬಳಸಿಕೊಂಡು ಡಬ್ಬಿಯ ಬಗೆ, ಗಾತ್ರ, ಎರಡೂ ಮಾಪನಗಳು, ಕಿರು ವಿವರಣೆ, ಪೂರ್ಣ ವಿವರಣೆ, ಸುಳಿವು, ಇತ್ತೀಚಿನ ಟಿಪ್ಪಣಿಗಳು ಇವನ್ನೆಲ್ಲ ಒಂದೊಂದು ಗುರುತಿನ ಪಟ್ಟಿಯೊಳಗೆ ಇಟ್ಟು ಕೊಡತೊಡಗಿತು. ಹಾಳೆಯಲ್ಲಿದ್ದದ್ದೆಲ್ಲ ಫೈಲಿನಲ್ಲಿ ಬಂದ ಕ್ಷಣವೇ ಕಾಗದ ಅನಗತ್ಯವಾಯಿತು. ಅದನ್ನು ಓದಬಲ್ಲ ಪರದೆ ಎಲ್ಲಿದೆ ಎಂಬುದಷ್ಟೇ ಉಳಿದ ಪ್ರಶ್ನೆ.

ಆ ಪರದೆ ಮೊದಲು ಸಿಕ್ಕಿದ್ದು ಜಿಪಿಎಸ್ ಸಾಧನದಲ್ಲಲ್ಲ. ಕಚೇರಿಗೆ ಹೋಗುವವರು ಭೇಟಿಗಳ ಪಟ್ಟಿ ಬರೆದಿಡಲು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಪಾಮ್ ಕಂಪನಿಯ ಕಿರುಗಣಕಗಳಲ್ಲಿ ಕ್ಯಾಶ್‌ಮೇಟ್ ಎಂಬ ತಂತ್ರಾಂಶ, ಪಾಕೆಟ್ ಪಿಸಿಗಳಲ್ಲಿ ಜಿಪಿಎಕ್ಸ್ ಸೋನಾರ್ ಎಂಬ ತಂತ್ರಾಂಶ ಜಿಪಿಎಕ್ಸ್ ಫೈಲನ್ನು ಓದಿ ವಿವರಣೆ ತೋರಿಸುತ್ತಿದ್ದವು. ಒಂದು ಕೈಯಲ್ಲಿ ದಿಕ್ಕು ತೋರಿಸುವ ಸಾಧನ, ಇನ್ನೊಂದು ಕೈಯಲ್ಲಿ ಓದುವ ಸಾಧನ. ಮಳೆಯಲ್ಲಿ ಎರಡನ್ನೂ ಕಾಪಾಡುವ ಕಷ್ಟ ಬೇರೆ. ‘ಕಾಗದವಿಲ್ಲದೆ’ ಎಂಬ ಮಾತು ಹವ್ಯಾಸಿಗಳ ಬಾಯಲ್ಲಿ ಬಳಕೆಗೆ ಬಂದದ್ದು ಆ ಕಾಲದಲ್ಲೇ. 2008ರಲ್ಲಿ ಗಾರ್ಮಿನ್‌ನ ಕೊಲರಾಡೊ, ಅದರ ಬೆನ್ನಿಗೇ ಅದೇ ವರ್ಷ ಸ್ಪರ್ಶ ಪರದೆಯ ಆರೆಗಾನ್ ಮಾದರಿಗಳು ಬಂದಮೇಲೆ ಎರಡು ಕೆಲಸಗಳೂ ಒಂದೇ ಸಾಧನದೊಳಕ್ಕೆ ಸೇರಿದವು. 2010ರಲ್ಲಿ ಮೆಗೆಲ್ಲನ್ ಕಂಪನಿ ಈ ಹವ್ಯಾಸಕ್ಕೆಂದೇ ಎಕ್ಸ್‌ಪ್ಲೋರಿಸ್ಟ್ ಜಿಸಿ ಎಂಬ ಸಾಧನ ಮಾಡಿತು. 2011ರ ಇಟ್ರೆಕ್ಸ್ 20 ಮತ್ತು 30 ಮಾದರಿಗಳು ಎರಡು ಸಾಮಾನ್ಯ ಪೆನ್ಸಿಲ್ ಸೆಲ್ಲುಗಳಲ್ಲಿ 25 ಗಂಟೆ ನಡೆಯುತ್ತವೆಂದು ಕಂಪನಿ ಹೇಳಿಕೊಂಡಿತು. ಮೊದಲ ಆರೆಗಾನ್‌ಗಳಲ್ಲಿ 2000 ಡಬ್ಬಿಗಳ ಮಿತಿ ಇತ್ತು. ನಂತರ ಬಂದ ಜಿಜಿಝೆಡ್ ಎಂಬ ಒತ್ತಿಟ್ಟ ಫೈಲ್ ರೂಪವು ಹೊಸ ಮಾದರಿಗಳಲ್ಲಿ ಆ ಮಿತಿಯನ್ನು ಲಕ್ಷಗಟ್ಟಲೆಗೆ ಏರಿಸಿದೆ. ಸಾಧನಗಳ ಚರಿತ್ರೆ ಇಷ್ಟು ಸಾಕು.

ಇನ್ನು ಫೈಲನ್ನು ಪಡೆಯುವ ಬಗೆ. ಹಣ ಕೊಟ್ಟು ಸದಸ್ಯರಾದವರಿಗೆ ತಾಣವು ‘ಪಾಕೆಟ್ ಕ್ವೆರಿ’ ಎಂಬ ಸೌಲಭ್ಯ ಕೊಡುತ್ತದೆ. ಇಂಥ ಸ್ಥಳದ ಸುತ್ತ ಇಷ್ಟು ದೂರದೊಳಗೆ, ನಾನಿನ್ನೂ ಹುಡುಕದ, ಇಂಥ ಬಗೆಯ ಡಬ್ಬಿಗಳು ಬೇಕು ಎಂದು ಷರತ್ತು ಹಾಕಿದರೆ, ಅವೆಲ್ಲವನ್ನೂ ಒಂದೇ ಜಿಪ್ ಫೈಲಿನಲ್ಲಿ ಕಟ್ಟಿಕೊಡುತ್ತದೆ. ಮೊದಲು ಒಂದು ಕ್ವೆರಿಗೆ 500 ಡಬ್ಬಿ ಇದ್ದ ಮಿತಿ ಈಗ 1000. ಎರಡು ಡಬ್ಬಿಗಳ ನಡುವೆ 161 ಮೀಟರ್ ಅಂತರ ಇದ್ದರೆ ಸಾಕು ಎಂಬುದು ನಿಯಮವಾದ್ದರಿಂದ, ಸಿಯಾಟಲ್ ಸುತ್ತಮುತ್ತ ಆ ಸಾವಿರ ಕೆಲವೇ ಮೈಲಿಗಳಲ್ಲಿ ತೀರಿಹೋಗುತ್ತದೆ. ಆಗ ಹಲವರು ಪಕ್ಕಪಕ್ಕದ ವೃತ್ತಗಳನ್ನು ಎಳೆದು ಎರಡು ಮೂರು ಕ್ವೆರಿ ಮಾಡುತ್ತಾರೆ. ವೃತ್ತಗಳು ಒಂದರ ಮೇಲೊಂದು ಬಿದ್ದ ಕಡೆ ಒಂದೇ ಡಬ್ಬಿ ಎರಡೆರಡು ಬಾರಿ ಬರುತ್ತದೆ, ವೃತ್ತಗಳು ಮುಟ್ಟದ ಮೂಲೆಗಳು ಬಿಟ್ಟುಹೋಗುತ್ತವೆ. ಇದಕ್ಕಿಂತ ಒಳ್ಳೆಯ ದಾರಿ, ವೃತ್ತ ಒಂದನ್ನೇ ಇಟ್ಟುಕೊಂಡು ಡಬ್ಬಿ ಇಟ್ಟ ದಿನಾಂಕದ ಮೇಲೆ ವಿಂಗಡಿಸುವುದು. 2000ದಿಂದ ಒಂದು ದಿನದವರೆಗೆ ಇಟ್ಟವು ಒಂದು ಕ್ವೆರಿ, ಅದರ ಮರುದಿನದಿಂದ ಇನ್ನೊಂದು ದಿನದವರೆಗಿನವು ಎರಡನೆಯದು, ಹೀಗೆ. ಒಂದು ಡಬ್ಬಿಯನ್ನು ಇಟ್ಟ ದಿನಾಂಕ ಒಂದೇ ಆದ್ದರಿಂದ ಯಾವುದೂ ಎರಡು ಬಾರಿ ಬರುವುದಿಲ್ಲ, ಯಾವುದೂ ಬಿಟ್ಟೂ ಹೋಗುವುದಿಲ್ಲ.

ಜಿಪ್ ಬಿಚ್ಚಿದಾಗ ಒಳಗೆ ಎರಡು ಫೈಲ್‌ಗಳಿರುತ್ತವೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ದೊಡ್ಡದು ಡಬ್ಬಿಗಳದ್ದು. ಚಿಕ್ಕದರ ಹೆಸರಿನ ಕೊನೆಯಲ್ಲಿ ಡಬ್ಲ್ಯು ಪಿ ಟಿ ಎಸ್ ಎಂದು ಇರುತ್ತದೆ. ಅದರಲ್ಲಿರುವುದು ಕಾರು ನಿಲ್ಲಿಸುವ ಜಾಗ, ಕಾಲುದಾರಿ ಶುರುವಾಗುವ ಜಾಗ, ಹಲವು ಹಂತಗಳ ಡಬ್ಬಿಯಾದರೆ ನಡುವಿನ ಹಂತಗಳು. ಈ ಚಿಕ್ಕ ಫೈಲನ್ನು ಸಾಧನಕ್ಕೆ ಹಾಕದವರು ಸಾಧನದ ಪರದೆಯಲ್ಲಿ ಬಾಣದ ಗುರುತು ತೋರಿಸಿದ ಕಡೆಗೆ ನೇರವಾಗಿ ಕಾರು ಓಡಿಸಿ, ಡಬ್ಬಿಯಿಂದ ಇನ್ನೂರೇ ಮೀಟರ್ ದೂರದಲ್ಲಿ, ಆದರೆ ಕಡಿದಾದ ಇಳಿಜಾರಿನ ತಪ್ಪು ಬದಿಯಲ್ಲಿ ನಿಂತುಕೊಳ್ಳುತ್ತಾರೆ. ಸರಿಯಾದ ಕಾಲುದಾರಿ ಶುರುವಾಗುವುದು ಬೆಟ್ಟದ ಇನ್ನೊಂದು ಕಡೆ, ಮೈಲಿಗಟ್ಟಲೆ ಸುತ್ತಿ ಹೋಗಬೇಕು. ಎರಡೂ ಫೈಲ್‌ಗಳನ್ನು ಸಾಧನದ ಗಾರ್ಮಿನ್ ಫೋಲ್ಡರಿನೊಳಗಿನ ಜಿಪಿಎಕ್ಸ್ ಫೋಲ್ಡರಿಗೆ ನಕಲು ಮಾಡಿದರೆ ಕೆಲಸ ಮುಗಿಯಿತು; ಇದಕ್ಕೆ ವಿಶೇಷ ತಂತ್ರಾಂಶ ಬೇಕಿಲ್ಲ, ಪೆನ್ ಡ್ರೈವ್ ಬಳಸಲು ಬಂದರೆ ಇದೂ ಬರುತ್ತದೆ. ಒಂದು ಎಚ್ಚರಿಕೆ: ಕೇಬಲ್ಲನ್ನು ಅವಸರದಲ್ಲಿ ಕಿತ್ತು ಫೈಲ್ ಅರ್ಧಕ್ಕೆ ತುಂಡಾದರೆ, ಕೆಲವು ಸಾಧನಗಳು ಶುರುವಾಗುವಾಗ ಆ ಫೈಲನ್ನು ಓದಲು ಹೋಗಿ ಅಲ್ಲೇ ಕಟ್ಟಿಕೊಂಡು ನಿಲ್ಲುತ್ತವೆ. ಮತ್ತೆ ಕಂಪ್ಯೂಟರಿಗೆ ಜೋಡಿಸಿ ಆ ಫೈಲನ್ನು ಅಳಿಸಿದರೆ ಸರಿಹೋಗುತ್ತದೆ, ಆದರೆ ಕಾಡಿನಂಚಿನಲ್ಲಿ ಕಂಪ್ಯೂಟರ್ ಇರುವುದಿಲ್ಲ. ಹೊಸ ಫೈಲ್ ಹಾಕಿದ ಮೇಲೆ ಮನೆಯಲ್ಲೇ ಒಮ್ಮೆ ಸಾಧನ ಚಾಲೂ ಮಾಡಿ, ಯಾವುದಾದರೂ ಒಂದು ಡಬ್ಬಿಯ ಪೂರ್ಣ ವಿವರಣೆ ತೆರೆದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಈಗ ನಾನು ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ: ಮಾಹಿತಿಯ ವಯಸ್ಸು. ಹಾಳೆ ಹಿಡಿದು ಹೋಗುತ್ತಿದ್ದವರು ಹೊರಡುವ ಹಿಂದಿನ ರಾತ್ರಿ ಬೇಕಾದ ಹತ್ತು ಡಬ್ಬಿಗಳ ಪುಟಗಳನ್ನು ಮುದ್ರಿಸುತ್ತಿದ್ದರು. ಮುದ್ರಿಸುವಾಗಲೇ ಕಣ್ಣಾಡಿಸಿ, ಇತ್ತೀಚಿನ ನಾಲ್ವರು ಸಿಗಲಿಲ್ಲ ಎಂದು ಬರೆದಿದ್ದರೆ ಆ ಡಬ್ಬಿಯನ್ನು ಕೈಬಿಡುತ್ತಿದ್ದರು. ಕಾಗದದ ಮಿತಿಯೇ ಅವರಿಗೆ ಆಯ್ಕೆ ಮಾಡುವುದನ್ನು ಕಲಿಸಿತ್ತು. ಸಾಧನದಲ್ಲಿ ಸಾವಿರಾರು ಡಬ್ಬಿಗಳು ಕೂತಿರುವಾಗ ಆ ಓದು ತಪ್ಪಿಹೋಗುತ್ತದೆ, ಮತ್ತು ಮೂರು ತಿಂಗಳ ಹಿಂದೆ ತುಂಬಿದ ಫೈಲನ್ನೇ ನಂಬಿ ಜನ ಹೊರಡುತ್ತಾರೆ. ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಏಕಾದಶಿ ಮಾಡಿದಂತೆ ಇದು. ಹಾಳೆಯಾದರೆ ಮಾಸಿ, ಹರಿದು ತನ್ನ ವಯಸ್ಸನ್ನು ತಾನೇ ಹೇಳುತ್ತದೆ; ಪರದೆಯ ಮೇಲಿನ ಅಕ್ಷರ ಯಾವತ್ತೂ ಹೊಸದರಂತೆಯೇ ಕಾಣುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ. ಡಬ್ಬಿ ಕಳೆದುಹೋಗಿ ಅದನ್ನು ಇಟ್ಟವರು ಪಟ್ಟಿಯಿಂದ ಶಾಶ್ವತವಾಗಿ ತೆಗೆಸಿದರೆ, ಆ ಸುದ್ದಿ ನಿಮಗೆ ಪಾಕೆಟ್ ಕ್ವೆರಿಯ ಮೂಲಕ ಬರುವುದೇ ಇಲ್ಲ. ತಾತ್ಕಾಲಿಕವಾಗಿ ನಿಲ್ಲಿಸಿದ ಡಬ್ಬಿಯಾದರೆ ಹಾಗೆಂಬ ಗುರುತಿನೊಡನೆ ಫೈಲಿನಲ್ಲಿ ಬರಬಹುದು. ಶಾಶ್ವತವಾಗಿ ಮುಚ್ಚಿದ ಡಬ್ಬಿ ಮುಂದಿನ ಕ್ವೆರಿಯಲ್ಲಿ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಅಷ್ಟೇ. ಹಾಗಾಗಿ ಹಳೆಯ ಫೈಲಿನ ಪಕ್ಕದಲ್ಲಿ ಹೊಸ ಫೈಲನ್ನು ಹಾಕಿಕೊಂಡು ಹೋಗುವವರ ಸಾಧನದಲ್ಲಿ ಇಲ್ಲವಾದ ಡಬ್ಬಿಗಳು ಹಳೆಯ ಫೈಲಿನ ದೆಸೆಯಿಂದ ವರ್ಷಗಟ್ಟಲೆ ಬದುಕಿರುತ್ತವೆ. ಹಳೆಯದನ್ನು ಅಳಿಸಿಯೇ ಹೊಸದನ್ನು ಹಾಕಬೇಕು. ಜಿಎಸ್‌ಎಕೆ ಎಂಬ ವಿಂಡೋಸ್ ತಂತ್ರಾಂಶದಲ್ಲಿ ಡಬ್ಬಿಗಳ ಸ್ವಂತ ಕಣಜ ಇಟ್ಟುಕೊಂಡವರು ಇದನ್ನು ಇನ್ನೂ ಜಾಣತನದಿಂದ ಮಾಡುತ್ತಾರೆ: ಪ್ರತಿ ಡಬ್ಬಿಯ ಮಾಹಿತಿ ಕೊನೆಯ ಬಾರಿ ಯಾವ ದಿನ ನವೀಕರಣವಾಯಿತು ಎಂಬುದನ್ನು ಅದು ಬರೆದಿಡುತ್ತದೆ, ಇಂದಿನ ಕ್ವೆರಿ ತುಂಬಿದ ಮೇಲೂ ಯಾವುದರ ದಿನಾಂಕ ಹಳೆಯದಾಗಿಯೇ ಉಳಿದಿದೆಯೋ ಅದು ಮುಚ್ಚಿದ ಡಬ್ಬಿ ಎಂದು ತರ್ಕಿಸಬಹುದು. ಇಲ್ಲಿ ಬಾರದಿರುವುದೇ ಸುದ್ದಿ. ಈಚೆಗೆ ತಾಣವನ್ನೇ ನೇರವಾಗಿ ಕೇಳಿ ಡಬ್ಬಿಯ ಸ್ಥಿತಿ ತಿಳಿಯುವ ಅನುಕೂಲವೂ ಆ ತಂತ್ರಾಂಶಕ್ಕೆ ಬಂದಿದೆ, ಆದರೂ ದಿನಾಂಕ ನೋಡುವ ಅಭ್ಯಾಸ ಬಿಡಬಾರದು.

ಫೈಲಿನಲ್ಲಿ ಬರುವ ಟಿಪ್ಪಣಿಗಳು ಇತ್ತೀಚಿನ ಐದು ಮಾತ್ರ. ಅವುಗಳನ್ನು ಓದುವ ಕ್ರಮವೊಂದಿದೆ. ಐದೂ ‘ಸಿಕ್ಕಿತು, ಧನ್ಯವಾದ’ ಎಂಬ ಒಂದೇ ಸಾಲಿನವಾದರೆ ಡಬ್ಬಿ ಇದೆ ಎಂದಷ್ಟೇ ತಿಳಿಯುತ್ತದೆ. ಒಬ್ಬರಾದರೂ ಬಾಣದ ಗುರುತು ತೋರಿಸಿದ ಜಾಗಕ್ಕಿಂತ ಹತ್ತು ಹೆಜ್ಜೆ ಉತ್ತರಕ್ಕೆ ಸಿಕ್ಕಿತು ಎಂದು ಬರೆದಿದ್ದರೆ ಆ ಒಂದು ಸಾಲು ಇಡೀ ವಿವರಣೆಗಿಂತ ಬೆಲೆಬಾಳುತ್ತದೆ, ಏಕೆಂದರೆ ಡಗ್ಲಸ್ ಫರ್ ಮರಗಳ ದಟ್ಟ ಕಾಡಿನಲ್ಲಿ ಡಬ್ಬಿ ಇಟ್ಟವರ ಸಾಧನವೂ ತಪ್ಪು ತೋರಿಸಿರುತ್ತದೆ, ನಿಮ್ಮದೂ ತೋರಿಸುತ್ತದೆ, ಎರಡು ತಪ್ಪುಗಳೂ ಒಂದೇ ದಿಕ್ಕಿಗೆ ಇರಬೇಕೆಂದೇನೂ ಇಲ್ಲ.

ಫೈಲಿನಲ್ಲಿ ಬಾರದ ಸಂಗತಿಗಳೂ ಇವೆ. ವಿವರಣೆಯೊಳಗಿನ ಚಿತ್ರಗಳು ಜಿಪಿಎಕ್ಸ್‌ನಲ್ಲಿ ಇರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ಅಂತರಜಾಲ ವಿಳಾಸ ಮಾತ್ರ ಇರುತ್ತದೆ. ಹಾಗಾಗಿ ಚಿತ್ರ ನೋಡಿ ಬಿಡಿಸಬೇಕಾದ ಒಗಟಿನ ಡಬ್ಬಿಗಳನ್ನು ಮನೆಯಲ್ಲೇ ಬಿಡಿಸಬೇಕು. ಇಂಥ ಒಗಟುಗಳಲ್ಲಿ ಪುಟದ ಮೇಲಿರುವ ಸ್ಥಳ ಸುಳ್ಳು. ನಿಜವಾದ ಡಬ್ಬಿ ಅಲ್ಲಿಂದ ಸಾಮಾನ್ಯವಾಗಿ ಎರಡು ಮೈಲಿಯೊಳಗೆ ಎಲ್ಲೋ ಇರುತ್ತದೆ. ಬಿಡಿಸಿದ ಮೇಲೆ ತಾಣದ ಪುಟದಲ್ಲೇ ತಿದ್ದಿದ ಸ್ಥಳವನ್ನು ಉಳಿಸಿಟ್ಟರೆ, ಆಮೇಲೆ ತೆಗೆದ ಫೈಲಿನಲ್ಲಿ ಸರಿಯಾದ ಸ್ಥಳವೇ ಬರುತ್ತದೆ. ಉತ್ತರವನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡವರು ಕಾಗದ ಬಿಟ್ಟವರ ಲೆಕ್ಕಕ್ಕೆ ಸೇರುವುದಿಲ್ಲ.

ವಿವರಣೆ ಪೂರ್ತಿಯಾಗಿ ಕೈಯಲ್ಲಿರಬೇಕಾದ ಅಗತ್ಯ ಅತ್ಯಂತ ಸ್ಪಷ್ಟವಾಗುವುದು ಅರ್ತ್‌ಕ್ಯಾಶ್‌ಗಳಲ್ಲಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ಬಚ್ಚಿಡುವಂತಿಲ್ಲ. ಅಂಥ ಕಡೆಗಳಿಗೂ ಒಪ್ಪುವ ಬಗೆಯಾಗಿ, ಅಮೆರಿಕದ ಭೂವೈಜ್ಞಾನಿಕ ಸೊಸೈಟಿಯ ಸಹಯೋಗದಲ್ಲಿ 2004ರಲ್ಲಿ ಶುರುವಾದ ಇದರಲ್ಲಿ ಡಬ್ಬಿಯೂ ಇಲ್ಲ, ಸಹಿ ಹಾಕುವ ಪುಸ್ತಕವೂ ಇಲ್ಲ. ಹಿಮನದಿ ಉಜ್ಜಿ ಗೀರು ಮೂಡಿಸಿದ ಬಂಡೆಯ ಮುಂದೆಯೋ ಲಾವಾ ತಣಿದು ಕಂಬಗಳಾದ ಕಣಿವೆಯ ಅಂಚಿಗೋ ಹೋಗಿ, ವಿವರಣೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಅಲ್ಲೇ ನೋಡಿ ಉತ್ತರ ಕಂಡುಕೊಂಡು ಆಮೇಲೆ ಕಳಿಸಬೇಕು. ಬರೀ ಅಕ್ಷಾಂಶ ರೇಖಾಂಶ ಹಿಡಿದು ಹೋದವರು ಬಂಡೆಯ ಮುಂದೆ ನಿಂತು ಗೀರುಗಳ ದಿಕ್ಕು ಅಳೆಯಬೇಕೋ, ಪದರಗಳನ್ನು ಎಣಿಸಬೇಕೋ ತಿಳಿಯದೆ ಮರಳುತ್ತಾರೆ. ಹಳದಿ ಇಟ್ರೆಕ್ಸ್‌ನ ಆರು ಅಕ್ಷರಗಳಿಂದ ಈ ಆಟ ಆಡಲು ಸಾಧ್ಯವೇ ಇರಲಿಲ್ಲ.

ನಿಜವಾದ ಡಬ್ಬಿ ಇರುವಲ್ಲೆಲ್ಲ ಕಾಗದ ಒಂದು ಕಡೆ ಉಳಿದೇ ಇದೆ: ಡಬ್ಬಿಯೊಳಗಿನ ದಾಖಲೆ ಪುಸ್ತಕ. ಅದರಲ್ಲಿ ಹೆಸರು ಬರೆಯದೆ ಸಿಕ್ಕಿತು ಎಂದು ಹೇಳಿಕೊಳ್ಳುವಂತಿಲ್ಲ. ನಮ್ಮ ಸೀಮೆಯ ಮಳೆಗೆ ಟಕೋಮಾದ ‘ರೈಟ್ ಇನ್ ದ ರೇನ್’ ಕಂಪನಿಯ ನೀರು ಹೀರದ ಕಾಗದ ಬಳಸುವವರಿದ್ದಾರೆ. ಆ ಕಾಗದದ ಮೇಲೆ ಪೆನ್ಸಿಲ್ ಒದ್ದೆಯಲ್ಲೂ ಮೂಡುತ್ತದೆ, ಜೆಲ್ ಪೆನ್ನು ಹರಡಿಕೊಳ್ಳುತ್ತದೆ. ಹಾಗಾಗಿ ಸಾಧನದ ಜೊತೆ ಒಂದು ಗಿಡ್ಡ ಪೆನ್ಸಿಲ್ಲು, ಬೆರಳ ತುದಿಯಷ್ಟೇ ಗಾತ್ರದ ಡಬ್ಬಿಗಳಿಂದ ಸುರುಳಿ ಎಳೆಯಲು ಒಂದು ಚಿಮಟಿಗೆ ಇರಲಿ.

ಮರಳಿ ಬಂದ ಮೇಲೆ ಸಾಧನದಿಂದ ಹೊರತೆಗೆಯುವ ಮಾಹಿತಿಯ ಬಗ್ಗೆ ಎರಡು ಮಾತು. ಕಾಡಿನಲ್ಲಿ ಸಿಕ್ಕಿತು ಅಥವಾ ಸಿಗಲಿಲ್ಲ ಎಂದು ಗುರುತು ಮಾಡಿದಾಗಲೆಲ್ಲ ಗಾರ್ಮಿನ್ ಸಾಧನಗಳು ‘ಜಿಯೊಕ್ಯಾಶ್ ವಿಸಿಟ್ಸ್’ ಎಂಬ ಪಠ್ಯ ಫೈಲಿಗೆ ಒಂದು ಸಾಲು ಸೇರಿಸುತ್ತವೆ. ಸಾಲಿನಲ್ಲಿ ಮೊದಲು ಡಬ್ಬಿಯ ಸಂಕೇತ, ಅಲ್ಪವಿರಾಮ, ದಿನಾಂಕ ಮತ್ತು ವೇಳೆ, ಅಲ್ಪವಿರಾಮ, ಫಲಿತಾಂಶ, ಕೊನೆಗೆ ಉದ್ಧರಣ ಚಿಹ್ನೆಗಳ ನಡುವೆ ನೀವು ಒತ್ತಿದ ಟಿಪ್ಪಣಿ. ಈ ಫೈಲನ್ನು ತಾಣಕ್ಕೆ ಏರಿಸಿದರೆ ಅದು ಕರಡು ಟಿಪ್ಪಣಿಗಳ ಸಾಲಾಗಿ ಕಾಣಿಸುತ್ತದೆ. ಒಂದೊಂದಾಗಿ ತೆರೆದು ನಾಲ್ಕು ಮಾತು ಬರೆದು ಪ್ರಕಟಿಸಬಹುದು. ಯಾವ ಡಬ್ಬಿ ಮೊದಲು, ಯಾವುದು ಆಮೇಲೆ ಎಂದು ಒದ್ದೆ ಹಾಳೆಗಳ ಅಂಚಿನ ಗುರುತುಗಳಿಂದ ನೆನಪಿಸಿಕೊಳ್ಳುವ ಕೆಲಸ ತಪ್ಪುತ್ತದೆ. ಆದರೆ ವೇಳೆ ಬರೆಯುವುದು ಗ್ರೀನಿಚ್ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಸಿಯಾಟಲ್ ಗ್ರೀನಿಚ್‌ಗಿಂತ ಏಳು ಗಂಟೆ ಹಿಂದೆ ಇರುವುದರಿಂದ, ಸಂಜೆ ಐದು ದಾಟಿದ ಮೇಲೆ ಸಿಕ್ಕ ಡಬ್ಬಿಗಳಿಗೆಲ್ಲ ಫೈಲಿನಲ್ಲಿ ಮರುದಿನದ ದಿನಾಂಕ ಬಿದ್ದಿರುತ್ತದೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ತಾಣದಲ್ಲಿ ನಿಮ್ಮ ಕಾಲವಲಯ ಸರಿಯಾಗಿದೆಯೇ ಎಂದು ನೋಡಿಕೊಂಡರೆ ಶನಿವಾರದ ನಡಿಗೆ ಶನಿವಾರದ್ದಾಗಿಯೇ ಉಳಿಯುತ್ತದೆ. ಅಲ್ಲದೆ ಆ ಫೈಲ್ ತಾನಾಗಿ ಖಾಲಿಯಾಗುವುದಿಲ್ಲ, ಹೊಸ ಸಾಲುಗಳು ಹಳೆಯವುಗಳ ಕೆಳಗೆ ಸೇರುತ್ತಾ ಹೋಗುತ್ತವೆ. ಏರಿಸಿದ ಮೇಲೆ ಅದರ ಒಂದು ಪ್ರತಿ ಕಂಪ್ಯೂಟರಿನಲ್ಲಿಟ್ಟು ಸಾಧನದಲ್ಲಿರುವುದನ್ನು ಅಳಿಸುವುದು ಕ್ಷೇಮ.

ಸಭೆಯಲ್ಲಿ ಬಂದ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: ಎಲ್ಲರ ಕೈಯಲ್ಲೂ ಫೋನ್ ಇರುವಾಗ ಇಷ್ಟೆಲ್ಲ ಏಕೆ? ಪೇಟೆಯ ಉದ್ಯಾನಗಳಲ್ಲಿ ಹುಡುಕುವವರಿಗೆ ಫೋನ್ ಸಾಕು, ಅದರಲ್ಲಿ ಬರುವ ಮಾಹಿತಿ ಆ ಕ್ಷಣದ್ದೂ ಹೌದು. ಕ್ಯಾಸ್ಕೇಡ್ ಕಣಿವೆಗಳೊಳಗೆ ಇಳಿದ ಮೇಲೆ ಸಿಗ್ನಲ್ ಹೋಗುತ್ತದೆ. ಆಗ ಫೋನಿನಲ್ಲೂ ಮೊದಲೇ ಇಳಿಸಿಟ್ಟ ಪಟ್ಟಿಯನ್ನೇ ನಂಬಬೇಕು, ಅದರ ವಯಸ್ಸಿನ ಪ್ರಶ್ನೆಯೂ ಇದ್ದೇ ಇರುತ್ತದೆ. ಅದಲ್ಲದೆ ಒದ್ದೆ ಬೆರಳಿಗೆ ಫೋನಿನ ಪರದೆ ಓಗೊಡುವುದಿಲ್ಲ. ಚಳಿಗೆ ಅದರ ಬ್ಯಾಟರಿ ಕುಸಿಯುತ್ತದೆ. ದಾರಿ ತಪ್ಪಿದರೆ ಕರೆ ಮಾಡಲು ಉಳಿಸಿಕೊಳ್ಳಬೇಕಾದ ಚಾರ್ಜನ್ನು ಡಬ್ಬಿ ಹುಡುಕಾಟಕ್ಕೆ ಸುರಿಯುವುದು ವಿವೇಕವಲ್ಲ. ಸಾಧನಕ್ಕೆ ಎರಡು ಬದಲಿ ಸೆಲ್ಲು ಹಾಕಿದರೆ ಮತ್ತೊಂದು ದಿನ ನಡೆಯುತ್ತದೆ. ದೂರದ ಚಾರಣಕ್ಕೆ ಹೋಗುವಾಗ ಪ್ರದೇಶದ ಮುದ್ರಿತ ನಕ್ಷೆಯೊಂದನ್ನು ನಾನು ಇಂದಿಗೂ ಚೀಲದಲ್ಲಿಡುತ್ತೇನೆ. ಅದು ಡಬ್ಬಿ ಹುಡುಕಲಿಕ್ಕಲ್ಲ, ಮನೆಗೆ ಮರಳಲಿಕ್ಕೆ.

ಇನ್ನೊಬ್ಬರು ಕೇಳಿದ್ದು ಊರಿಗೆ ಹೋಗುವಾಗ ಸಾಧನ ಒಯ್ಯಬಹುದೇ ಎಂದು. ಬೆಂಗಳೂರು ಮತ್ತು ಕರ್ನಾಟಕದ ಇತರೆಡೆಗಳಲ್ಲೂ ಡಬ್ಬಿಗಳಿವೆ, ಇಲ್ಲಿಗೆ ಹೋಲಿಸಿದರೆ ಬಹಳ ವಿರಳ. ಸಿಯಾಟಲ್ಲಿನಂತೆ ದಿನಾಂಕ ನೋಡಿ ಕ್ವೆರಿ ಒಡೆಯುವ ತಾಪತ್ರಯ ಅಲ್ಲಿಲ್ಲ. ಆದರೆ ಅಲ್ಲಿನ ಡಬ್ಬಿಗಳನ್ನು ಹುಡುಕುವವರು ಬರುವುದು ಅಪರೂಪವಾದ್ದರಿಂದ ಕೊನೆಯ ಐದು ಟಿಪ್ಪಣಿಗಳ ದಿನಾಂಕಗಳನ್ನು ಇನ್ನೂ ಎಚ್ಚರದಿಂದ ಓದಬೇಕು. ಸಾಧನದ ವಿಷಯದಲ್ಲಿ ಒಂದು ಭೇದ ತಿಳಿದಿರಲಿ. ಉಪಗ್ರಹದ ಸಂಕೇತವನ್ನು ಸ್ವೀಕ‌ರಿಸುವುದಷ್ಟೇ ಮಾಡುವ ಸಾಧಾರಣ ಜಿಪಿಎಸ್ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳಿಸಬಲ್ಲ ಸಾಧನ ಬೇರೆ. ಎರಡನೆಯದನ್ನು ಭಾರತದಲ್ಲಿ ಇಟ್ಟುಕೊಳ್ಳಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು, ಅದಿಲ್ಲದೆ ಒಯ್ದ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದ ಪ್ರಕರಣಗಳು ನಡೆದಿವೆ. ಈಗಿನ ಕೆಲವು ಕೈಸಾಧನಗಳಲ್ಲಿ ಡಬ್ಬಿ ಹುಡುಕುವ ಸೌಲಭ್ಯವೂ ಸಂದೇಶ ಕಳಿಸುವ ಸೌಲಭ್ಯವೂ ಒಂದೇ ಕವಚದೊಳಗೆ ಇರುತ್ತವೆ. ಸಂದೇಶ ಸೇವೆಯ ಚಂದಾ ನಿಲ್ಲಿಸಿದ್ದೇನೆ ಎಂಬ ಸಮಾಧಾನ ಅಲ್ಲಿನ ತಪಾಸಣೆಯಲ್ಲಿ ನಿಲ್ಲುತ್ತದೆ ಎಂದು ನಂಬಿ ಹೊರಡಬೇಡಿ. ಅಂಥ ಮಾದರಿಯನ್ನು ಇಲ್ಲೇ ಬಿಟ್ಟು, ಹಳೆಯ ಇಟ್ರೆಕ್ಸ್ ಒಂದನ್ನು ಒಯ್ಯಿರಿ.